ಹೊಟ್ಟೆಕಿಚ್ಚನ್ನು ಹೇಳಿಬಿಡುವ ರುಹೀನಾ

ತಲೆನೋವು ಬಂದರೆ ತಲೆನೋವೆಂದು ಹೇಳಲು ಯಾರಿಗೂ ಸಂಕೋಚವಿಲ್ಲ. ಬೆನ್ನು ಹಿಡಿದಿದೆ, ನಿದ್ದೆ ಬರುತ್ತಿಲ್ಲ, ಉಂಡದ್ದು ಅರಗುತ್ತಿಲ್ಲ ಎಂದು ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಅಪರಿಚಿತರ ಮುಂದೆಯೂ ನಾವು ತೋಡಿಕೊಳ್ಳುತ್ತೇವೆ. ಆದರೆ 'ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚಾಗಿದೆ' ಎಂದು ಎದುರಿಗೆ ನಿಂತು, ಕಣ್ಣಲ್ಲಿ ಕಣ್ಣಿಟ್ಟು ಹೇಳುವವರು ಎಲ್ಲಿ ಸಿಗುತ್ತಾರೆ? ಚನ್ನಗಿರಿಯ ಪ್ರಮೀಳಾಗೆ ಅಂಥವಳೊಬ್ಬಳು ಎಂಟನೆಯ ತರಗತಿಯಲ್ಲೇ ಸಿಕ್ಕಳು. ಅವಳ ಹೆಸರು ರುಹೀನಾ.

ಅಂದು ಶಾಲೆಯಲ್ಲಿ ಭಾಷಣ ಸ್ಪರ್ಧೆ. ಪ್ರಮೀಳಾಗೆ ಮೊದಲ ಬಹುಮಾನವಾಗಿ ಒಂದು ಸ್ಟೀಲಿನ ಡಬ್ಬಿ ಬಂದಿತ್ತು. ಗೆಳತಿಯರೆಲ್ಲ ಸುತ್ತುವರಿದು ಕೈ ಕುಲುಕುತ್ತಿದ್ದಾಗ, ಎರಡನೆಯ ಬಹುಮಾನವೂ ಸಿಗದ ರುಹೀನಾ ಗುಂಪನ್ನು ಸೀಳಿಕೊಂಡು ಬಂದು ನಿಂತಳು. ಮುಖ ಕೆಂಪಾಗಿತ್ತು. ಧ್ವನಿ ಮಾತ್ರ ಹಾಜರಿ ಹೇಳುವಷ್ಟು ಸಮನಾಗಿತ್ತು.

"ಪ್ರಮೀಳಾ, ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು ಆಗ್ತಾ ಐತೆ, ಸುಳ್ಳಲ್ಲ. ಇವತ್ತು ನಿನ್ನ ಜೊತೆ ಮಾತಾಡಾಕೆ ಆಗಲ್ಲ. ನಾಳೆ ಮಾತಾಡ್ತೀನಿ."

ಹೇಳಿದವಳೇ ತಿರುಗಿ ಹೋದಳು. ಮರುದಿನ ಹೇಳಿದಂತೆಯೇ ಬಂದು, ಭಾಷಣದ ನಡುವೆ ಪ್ರಮೀಳಾ ಎಲ್ಲಿ ಉಸಿರು ತೆಗೆದುಕೊಂಡದ್ದು ಚೆನ್ನಾಗಿತ್ತು, ಎಲ್ಲಿ ಬಾಯಿಪಾಠ ಮರೆತು ತಡವರಿಸಿದ್ದು ಎಲ್ಲರಿಗೂ ತಿಳಿಯಿತು ಎಂಬುದನ್ನು ವಿವರವಾಗಿ ಹೇಳಿ, ಅವಳ ಪಕ್ಕದಲ್ಲೇ ಕೂತು ಊಟದ ಡಬ್ಬಿ ಬಿಚ್ಚಿದಳು. ಅವರ ಸ್ನೇಹ ಶುರುವಾದದ್ದು ಹೀಗೆ.

ನಡೆಯುವಾಗ ರುಹೀನಾಳ ತಲೆ ದೇಹಕ್ಕಿಂತ ಒಂದು ಗೇಣು ಮುಂದಿರುತ್ತಿತ್ತು, ಎದುರಿನಿಂದ ಯಾರೋ ಕೈಬೀಸಿ ಕರೆದಿದ್ದಾರೆ ಎಂಬಂತೆ. ತಲೆಗೆ ಓಡ್ನಿಯನ್ನು ಬಿಗಿದು ಕಟ್ಟಿ, ಚೂಡಿದಾರದ ಮೇಲೆ ಅಣ್ಣ ಆಕಿಬ್‌ನ ಗ್ಯಾರೇಜಿನ ಹಳೆಯ ಖಾಕಿ ಕೋಟು ತೊಟ್ಟು ಆಕೆ ಬೀದಿಯಲ್ಲಿ ಬರುತ್ತಿದ್ದರೆ ದೂರದಿಂದ ಯಾರೋ ಕಂಡಕ್ಟರು ಬರುತ್ತಿರುವಂತೆ ಕಾಣುತ್ತಿತ್ತು. ಆ ಕೋಟಿನ ಜೇಬುಗಳು ಅಗಾಧ. ಒಂದರಲ್ಲಿ ಮಂಡಕ್ಕಿ, ಇನ್ನೊಂದರಲ್ಲಿ ತಂದೆ ಬುಡನ್‌ಸಾಬರ ಹಾಸಿಗೆ ಅಂಗಡಿಯಿಂದ ಹೇಗೋ ಬಂದು ಸೇರಿದ ಹತ್ತಿಯ ಎಳೆಗಳು. ಮಂಡಕ್ಕಿ ತಿನ್ನುವಾಗ ಹತ್ತಿಯನ್ನು ಆಯ್ದು ಎಸೆಯುವುದು ಅವಳ ಗೆಳತಿಯರೆಲ್ಲರಿಗೂ ರೂಢಿಯಾಗಿತ್ತು. ಇನ್ನು ಮಾತು. ಅದು ಎಷ್ಟೇ ಸಣ್ಣದಿರಲಿ, ಕೊನೆಗೆ ಒಂದು 'ಸುಳ್ಳಲ್ಲ' ಸೇರಿಸದೆ ಅವಳಿಗೆ ಪೂರ್ಣವಿರಾಮ ಬೀಳುತ್ತಿರಲಿಲ್ಲ. ಚಾ ಬಿಸಿ ಐತೆ, ಸುಳ್ಳಲ್ಲ. ಇವತ್ತು ಮಂಗಳವಾರ, ಸುಳ್ಳಲ್ಲ. ಅವಳ ತಾಯಿ ಶಹರಬಾನು, ಮಗಳ ಬಗ್ಗೆ ಯಾರಾದರೂ ದೂರು ತಂದರೆ, ಹೊಲಿಗೆ ಯಂತ್ರದಿಂದ ತಲೆಯೆತ್ತದೆ ಹೇಳುತ್ತಿದ್ದ ಮಾತೊಂದಿತ್ತು: "ಇವಳ ಹೊಟ್ಟೆಯಾಗೆ ಒಂದು ಮಾತೂ ಬೇಯಲ್ಲ ನೋಡ್ರಿ, ಹಸೀದೇ ಹೊರಗೆ ಬರ್ತೈತೆ."

ಪ್ರಮೀಳಾಳ ಮನೆಯ ರೀತಿಯೇ ಬೇರೆ. ಅಡಿಕೆ ವ್ಯಾಪಾರದ ದೊಡ್ಡ ಕುಟುಂಬ. ಅಜ್ಜಿ ಸಿದ್ದಲಿಂಗಮ್ಮನ ಯಜಮಾನಿಕೆ. ಆ ಮನೆಯಲ್ಲಿ ಕೋಪಕ್ಕೆ ಜಾಗವಿತ್ತು, ಅಳುವಿಗೆ ಜಾಗವಿತ್ತು, ಅಸೂಯೆಗೆ ಮಾತ್ರ ಅದರ ಸ್ವಂತ ಹೆಸರಿನಲ್ಲಿ ಹೊಸ್ತಿಲು ದಾಟುವ ಅವಕಾಶವಿರಲಿಲ್ಲ. ಹೊಗಳಿಕೆಯ ವೇಷ ತೊಟ್ಟು ಅದು ಧಾರಾಳವಾಗಿ ಓಡಾಡುತ್ತಿತ್ತು. ಓರಗಿತ್ತಿಯ ಬಳೆಯನ್ನು ಯಾರು ಅತಿಯಾಗಿ ಕೊಂಡಾಡುತ್ತಿದ್ದಾರೋ ಅವರ ಎದೆಯಲ್ಲೇ ಕೆಂಡವಿದೆ ಎಂಬುದನ್ನು ಪ್ರಮೀಳಾ ಬಾಲ್ಯದಲ್ಲೇ ಅರಿತಿದ್ದಳು, ಯಾಕೆಂದರೆ ಅವಳೂ ಹಾಗೆಯೇ ಮಾಡುತ್ತಿದ್ದಳು. ತನಗಿಂತ ಹೆಚ್ಚು ಅಂಕ ಪಡೆದವಳ ಅಕ್ಷರ ಎಷ್ಟು ಮುದ್ದಾಗಿದೆ ಎಂದು ಮೊದಲು ಹೇಳುವವಳು ಅವಳೇ. ರುಹೀನಾಳ ಬಾಯಿಯನ್ನು ಕಂಡು ಅವಳಿಗೆ ಗಾಬರಿಯಾಗುತ್ತಿತ್ತು. ಗಾಬರಿಯ ಅಡಿಯಲ್ಲಿ, ತನಗೆ ಬಾರದ ಒಂದು ವಿದ್ಯೆಯನ್ನು ಬಲ್ಲವಳ ಕುರಿತು ಹುಟ್ಟುವ ಗೌರವವೂ ಇತ್ತು.

ಪ್ರಮೀಳಾಳ ಚಿಕ್ಕಮ್ಮನ ಮದುವೆಯಲ್ಲಿ ಆ ಬಾಯಿ ಒಂದು ಸಣ್ಣ ಕೋಲಾಹಲವನ್ನೇ ಎಬ್ಬಿಸಿತು. ಧಾರೆಗೆ ಮುಂಚೆ ಮದುಮಗಳ ಸುತ್ತ ಹೆಂಗಸರು ನೆರೆದು, ಸೀರೆಯ ಬಣ್ಣವನ್ನೂ ಜರಿಯನ್ನೂ ಒಬ್ಬರ ಮೇಲೊಬ್ಬರು ವರ್ಣಿಸುತ್ತಿದ್ದರು. ರುಹೀನಾ ಸೀರೆಯ ಸೆರಗನ್ನು ಬೆರಳ ತುದಿಯಿಂದ ಮುಟ್ಟಿ ನೋಡಿ, ಇದನ್ನು ಕಂಡು ತನಗೆ ಹೊಟ್ಟೆ ಉರಿಯುತ್ತಿದೆ ಎಂದೂ, ಇಂಥದ್ದು ತನಗೆ ಯಾವ ಕಾಲಕ್ಕೂ ಸಿಗಲಿಕ್ಕಿಲ್ಲ ಎಂದೂ, ಅದು ಸುಳ್ಳಲ್ಲವೆಂದೂ ನಿಶ್ಚಿಂತೆಯಿಂದ ಹೇಳಿದಳು. ಶುಭಕಾರ್ಯದಲ್ಲಿ ಇದೆಂಥ ಮಾತು, ದೃಷ್ಟಿಯಾಗುತ್ತದೆ ಎಂದು ಯಾರೋ ಉಪ್ಪು ಮೆಣಸಿನಕಾಯಿ ತರಲು ಒಳಗೆ ಓಡಿದರು. ಪ್ರಮೀಳಾ ನಾಚಿಕೆಯಿಂದ ನೆಲ ನೋಡಿದಳು. ಆಗ ಎಲ್ಲರ ನಿರೀಕ್ಷೆಯನ್ನೂ ಸುಳ್ಳು ಮಾಡಿ ಸಿದ್ದಲಿಂಗಮ್ಮ ರುಹೀನಾಳನ್ನು ಹತ್ತಿರ ಕರೆದು ಕೂರಿಸಿಕೊಂಡರು.

"ಬಾಯಿಬಿಟ್ಟು ಹೇಳಿದೋಳ ಕಣ್ಣಿಗೆ ಯಾಕೆ ಹೆದರ್ತೀರಿ? ದೃಷ್ಟಿ ತೆಗಿಯೋದಾದ್ರೆ ಚಂದ ಐತೆ, ಚಂದ ಐತೆ ಅಂತ ಹೇಳಿ ಹೋದೋರ್ದು ತೆಗೀರಿ."

ಅಲ್ಲಿಂದ ಮುಂದೆ ಆ ಮನೆಯ ಒಳಮನೆಯವರೆಗೂ ರುಹೀನಾಗೆ ದಾರಿ ತೆರೆಯಿತು.

ಪಿಯುಸಿಗೆ ಬರುವ ಹೊತ್ತಿಗೆ ರುಹೀನಾ ಖೋಖೋ ಆಟದಲ್ಲಿ ಹೆಸರು ಮಾಡಿದ್ದಳು. ಓಡಿ ತಪ್ಪಿಸಿಕೊಳ್ಳುವವರು ಮೂವರು ಮೂವರಾಗಿ ಅಂಗಳಕ್ಕಿಳಿಯುವ ಆಟ ಅದು. ಮೊದಲು ಇಳಿಯುವ ಮೂವರ ಮೇಲೇ ಎಲ್ಲರ ಕಣ್ಣು. ಅವರು ಎಷ್ಟು ಹೊತ್ತು ನಿಂತರೋ ತಂಡದ ಉಸಿರು ಅಷ್ಟು. ಕಾಲೇಜಿನ ದೈಹಿಕ ಶಿಕ್ಷಕ ಗುರುಬಸವರಾಜ್ ಆ ಗುಂಪಿಗೆ ರುಹೀನಾಳನ್ನೇ ಮುಂದಾಳಾಗಿಸಿದ್ದರು. ಪ್ರಮೀಳಾ ಕೂಡ ತಂಡದಲ್ಲಿದ್ದಳು, ಆದರೆ ಆಟಕ್ಕಿಂತ ಹೆಚ್ಚಾಗಿ ಗೆಳತಿಯ ಸಹವಾಸಕ್ಕಾಗಿ. ಅವಳಿಗೆ ಅದು ಗೊತ್ತಿತ್ತು, ಮೇಷ್ಟರಿಗೂ ಗೊತ್ತಿತ್ತು.

ಆ ವರ್ಷ ಬಿಳಿಚೋಡಿನಿಂದ ಹೇಮಾವತಿ ಬಂದಳು. ಕುರಿ ಕಾಯುವ ಮನೆಯ ಹುಡುಗಿ; ಚನ್ನಗಿರಿಯ ಹಾಸ್ಟೆಲಿನಲ್ಲಿದ್ದು ಓದಲು ಬಂದವಳು. ಸಣ್ಣ ಕಾಯ, ಉದ್ದನೆಯ ಜಡೆ, ಮಾತು ಕಡಿಮೆ. ಮೊದಲ ಸಂಜೆ ಅವಳು ಅಂಗಳಕ್ಕಿಳಿದಾಗ ಬೆನ್ನಟ್ಟಿದವರ ಕೈಗಳೆಲ್ಲ ಗಾಳಿಯನ್ನೇ ಹಿಡಿದವು; ಕೈ ತಾಗಿತು ಎನ್ನುವ ಕ್ಷಣಕ್ಕೆ ಅವಳ ಮೈ ಅಲ್ಲಿರುತ್ತಿರಲಿಲ್ಲ. ಆಟ ಮುಗಿದ ಮೇಲೆ ರುಹೀನಾ ಅವಳ ಎದುರಿಗೆ ಹೋಗಿ ನಿಂತದ್ದನ್ನು ಕಂಡು ಹಳಬರೆಲ್ಲ ಮುಸಿಮುಸಿ ನಕ್ಕರು, ಏನು ಹೇಳುತ್ತಾಳೆಂದು ಅವರಿಗೆ ಗೊತ್ತಿತ್ತು. ಹೇಳಿದಳು. ಇವತ್ತು ಮಾತಾಡಲಾಗುವುದಿಲ್ಲ ಎಂಬುದನ್ನೂ ಸೇರಿಸಿದಳು. ಹೇಮಾವತಿ ಮೊದಲು ಬೆರಗಾಗಿ, ಆಮೇಲೆ ಬಾಯಿಗೆ ಜಡೆಯ ತುದಿ ಹಿಡಿದುಕೊಂಡು ನಕ್ಕುಬಿಟ್ಟಳು. ವಾರ ಕಳೆಯುವುದರೊಳಗೆ ಇಬ್ಬರೂ ಒಂದೇ ಜೇಬಿನ ಮಂಡಕ್ಕಿ ತಿನ್ನುತ್ತಿದ್ದರು. ಮೊದಲ ಗುಂಪಿನ ಜಾಗ ಹೇಮಾವತಿಯದಾಯಿತು, ರುಹೀನಾ ಕೊನೆಯ ಗುಂಪಿಗೆ ಸರಿದಳು. ಸರಿದ ದಿನವೂ, ತನಗೆ ಒಳಗೆ ಉರಿಯುತ್ತಿದೆ, ಆದರೆ ಮೇಷ್ಟರು ಮಾಡಿದ್ದು ಸರಿಯೇ ಎಂದು ಇಡೀ ತಂಡದ ಎದುರು ಹೇಳಿದಳು.

ಪ್ರಮೀಳಾ ಏನೂ ಹೇಳಲಿಲ್ಲ. ಕಾಲೇಜು ಬಿಟ್ಟ ಮೇಲೆ ತನ್ನೊಂದಿಗೆ ಬೀದಿ ಸುತ್ತಿ ಬರುತ್ತಿದ್ದವಳು ಈಗ ಹಾಸ್ಟೆಲಿನ ಗೇಟಿನವರೆಗೆ ಹೇಮಾವತಿಯನ್ನು ಬಿಡಲು ಹೋಗುತ್ತಿದ್ದಳು. ಅವರಿಬ್ಬರ ನಡುವೆ ಆಟದ್ದೇ ಒಂದು ಭಾಷೆ ಬೆಳೆದಿತ್ತು; ಪ್ರಮೀಳಾಗೆ ಅದರ ಅರ್ಧ ಅರ್ಥವಾಗುತ್ತಿರಲಿಲ್ಲ. ಎದೆಯಲ್ಲಿ ಎದ್ದದ್ದಕ್ಕೆ ಹೆಸರು ಏನೆಂದು ಅವಳಿಗೆ ತಿಳಿದಿತ್ತು. ಆದರೂ ಅಭ್ಯಾಸಬಲದಿಂದ ಹೇಮಾವತಿಯ ಜಡೆಯನ್ನು ಹೊಗಳಿದಳು, ಅವಳ ಓಟವನ್ನು ಹೊಗಳಿದಳು, ಮನೆಗೆ ಕರೆದು ಹೋಳಿಗೆ ಬಡಿಸಿದಳು.

ಜಿಲ್ಲಾ ಮಟ್ಟದ ಪಂದ್ಯಗಳು ಹೊನ್ನಾಳಿಯಲ್ಲಿ ನಡೆದವು. ವಿಭಾಗದ ತಂಡಕ್ಕೆ ಆಟಗಾರ್ತಿಯರನ್ನು ಆರಿಸುವವರು ಅಲ್ಲಿಗೆ ಬರುವವರಿದ್ದರು. ಹುಡುಗಿಯರಿಗೆ ಒಂದು ಶಾಲೆಯ ಕೋಣೆಗಳಲ್ಲಿ ವಾಸ್ತವ್ಯ. ತಲುಪಿದ ಸಂಜೆ, ಎಲ್ಲರೂ ಹೊಳೆ ನೋಡಲು ಹೋಗಿದ್ದಾಗ, ಓಡ್ನಿ ಮರೆತು ಹಿಂತಿರುಗಿದ ರುಹೀನಾ ಕೋಣೆಯ ಮೂಲೆಯಲ್ಲಿ ಹೇಮಾವತಿ ಮೊಣಕಾಲಿಗೆ ಹಳೆಯ ಬಟ್ಟೆ ಬಿಗಿಯುತ್ತಿದ್ದುದನ್ನು ಕಂಡಳು. ಮೊಣಕಾಲು ಊದಿತ್ತು. ಹಿಂದಿನ ವಾರದ ಅಭ್ಯಾಸದಲ್ಲಿ ಕಂಬದ ಬಳಿ ಬಿದ್ದದ್ದು. ಯಾರಿಗೂ ಹೇಳದೆ ಓಡುತ್ತಲೇ ಇದ್ದಳು. ಇದೊಂದು ಆಟ ಮುಗಿಯಲಿ, ಯಾರಿಗೂ ಹೇಳಬೇಡ ಎಂದು ಹೇಮಾವತಿ ಕೈ ಹಿಡಿದುಕೊಂಡಳು. ಆಯ್ಕೆಯಾದರೆ ಕ್ರೀಡಾ ಹಾಸ್ಟೆಲು, ಇಲ್ಲದಿದ್ದರೆ ಮರಳಿ ಕುರಿಗಳ ಹಿಂದೆ, ಅದು ಇಬ್ಬರಿಗೂ ಗೊತ್ತಿತ್ತು. ರುಹೀನಾ ಆಯಿತು ಎನ್ನಲಿಲ್ಲ, ಆಗುವುದಿಲ್ಲ ಎಂದೂ ಅನ್ನಲಿಲ್ಲ.

ಪ್ರಮೀಳಾಗೆ ಅನುಮಾನ ಬಂದದ್ದು ರುಹೀನಾಳ ಮೌನದಿಂದ. ಅನ್ನ ಗಟ್ಟಿಯಾಗಿದೆ ಎಂದು ಕೂಡ ಹೇಳದೆ ಅವಳು ಊಟ ಮುಗಿಸಿದಳು. ಬೆಳಿಗ್ಗೆ ನಲ್ಲಿಯ ಹತ್ತಿರ ಮುಖ ತೊಳೆಯುವಾಗ ಪ್ರಮೀಳಾ ಕೇಳಿಯೇಬಿಟ್ಟಳು. ರುಹೀನಾ ಒದ್ದೆ ಮುಖವನ್ನು ಒರೆಸಿಕೊಳ್ಳದೆ ಎಲ್ಲವನ್ನೂ ಹೇಳಿದಳು, ಹೇಳಿ ಮುಗಿಸಿ ಇನ್ನೊಂದು ಮಾತು ಸೇರಿಸಿದಳು.

"ಅವಳ ಕಾಲು ಉಳೀಲಿ ಅಂತ ಹೇಳಬೇಕು ಅನ್ನಿಸ್ತೈತೋ, ನನ್ನ ಜಾಗ ನನಗೆ ವಾಪಸ್ ಸಿಗ್ಲಿ ಅಂತ ಹೇಳಬೇಕು ಅನ್ನಿಸ್ತೈತೋ, ನನಗೇ ಗೊತ್ತಾಗ್ತಿಲ್ಲ. ಎರಡೂ ಒಂದೇ ಥರ ಉರೀತೈತೆ."

ಆ ಕ್ಷಣದಲ್ಲಿ ಪ್ರಮೀಳಾಳ ಮನಸ್ಸಿನೊಳಗೆ ಒಂದು ಸಣ್ಣ ಸಂತೋಷ ಹಾದುಹೋಯಿತು: ಹೇಗೆ ನಡೆದರೂ ಇವರಿಬ್ಬರ ನಡುವೆ ಬಿರುಕು ಬಿದ್ದೇ ಬೀಳುತ್ತದೆ. ಆ ಸಂತೋಷವನ್ನು ಗುರುತಿಸಿದ ಕೂಡಲೇ ಅವಳಿಗೆ ತನ್ನ ಮುಖವನ್ನು ಮತ್ತೊಮ್ಮೆ ತೊಳೆದುಕೊಳ್ಳಬೇಕೆನಿಸಿತು.

ಅಂಗಳದಲ್ಲಿ ಸುಣ್ಣದ ಗೆರೆ ಎಳೆದಾಗಿತ್ತು. ತಂಡ ಸಾಲಾಗಿ ನಿಂತಿತ್ತು, ಹೇಮಾವತಿ ಮುಂದೆ. ಗುರುಬಸವರಾಜ್ ಹೆಸರು ಕೂಗಲು ಶುರುಮಾಡುವ ಮೊದಲೇ ರುಹೀನಾ ಸಾಲಿನಿಂದ ಹೊರಬಂದಳು. ಗುಟ್ಟಾಗಿ ಕರೆದು ಹೇಳಬಹುದಿತ್ತು, ಮೇಷ್ಟರ ಕಿವಿಯಲ್ಲಿ ಉಸುರಬಹುದಿತ್ತು. ಅವಳಿಗೆ ಆ ದಾರಿ ಹೊಳೆಯಲೇ ಇಲ್ಲ.

"ಸಾರ್, ಹೇಮಾವತಿ ಮೊಣಕಾಲು ಊದೈತೆ. ಇವತ್ತು ಓಡಿದ್ರೆ ಆ ಕಾಲು ಮತ್ತೆ ಆಟಕ್ಕೆ ಬರಲ್ಲ. ನನಗೆ ಅವಳ ಮೇಲೆ ಹೊಟ್ಟೆಕಿಚ್ಚು ಐತೆ, ಅದೂ ನಿಮ್ಮ ತಲೆಯಾಗೆ ಇರ್ಲಿ. ಅದಕ್ಕೇ ಅವಳ ಜಾಗಕ್ಕೆ ನನ್ನ ಹಾಕಬೇಡ್ರಿ, ಪ್ರಮೀಳಾನ ಹಾಕ್ರಿ. ಆದ್ರೆ ಅವಳ ಕಾಲು ಒಂದ್ಸಲ ನೋಡ್ರಿ ಸಾರ್. ಸುಳ್ಳಲ್ಲ."

ಮೇಷ್ಟರು ಹೇಮಾವತಿಯನ್ನು ಕೂರಿಸಿ, ಬಟ್ಟೆ ಬಿಚ್ಚಿಸಿ, ಮೊಣಕಾಲನ್ನು ಬೆರಳಿನಿಂದ ಒತ್ತಿದರು. ಅವಳು ಕೂಗಲಿಲ್ಲ. ಕೂಗದೆ ಇರಲು ಅವಳು ಪಟ್ಟ ಕಷ್ಟವೇ ಎಲ್ಲವನ್ನೂ ಹೇಳಿತು. ಹಳೆಯ ಜಾಗಕ್ಕೆ ನೀನೇ ಹೋಗು ಎಂದು ಮೇಷ್ಟರು ರುಹೀನಾಗೆ ಗದರಿಸಿ ಹೇಳಿದರೂ ಆಕೆ ತಲೆಯಾಡಿಸಲಿಲ್ಲ. ಪ್ರಮೀಳಾ ಇಳಿದಳು, ಬೇಗನೆ ಔಟಾದಳು. ಆರಿಸಲು ಬಂದವರು ಮೊದಲ ಗುಂಪನ್ನು ನೋಡಿ ಬೇರೆ ಅಂಗಳಕ್ಕೆ ನಡೆದರು. ಕೊನೆಯ ಗುಂಪಿನಲ್ಲಿ ಇಳಿದ ರುಹೀನಾ ಎಷ್ಟು ಅದ್ಭುತವಾಗಿ ಆಡಿದಳೆಂಬುದನ್ನು ಅಂದು ಸೋತ ತಮ್ಮದೇ ತಂಡದ ಹುಡುಗಿಯರ ಹೊರತು ಯಾರೂ ನೋಡಲಿಲ್ಲ.

ಮರಳುವ ಬಸ್ಸಿನಲ್ಲಿ ಹೇಮಾವತಿ ಕಿಟಕಿಯಿಂದ ಮುಖ ತಿರುಗಿಸದೆ ಒಂದೇ ಮಾತು ಆಡಿದಳು: ಹೊಟ್ಟೆಕಿಚ್ಚು ಎಂದು ಮೊದಲ ದಿನವೇ ಹೇಳಿದ್ದಳು, ನಾನೇ ದಡ್ಡಿ, ತಮಾಷೆ ಎಂದುಕೊಂಡೆ. ಆ ಮಾತು ಕಾಲೇಜಿನಲ್ಲಿ ಹರಡಿತು. ರುಹೀನಾ ತನ್ನ ಬಾಯಿಂದಲೇ ಒಪ್ಪಿಕೊಂಡಿದ್ದಾಳಲ್ಲ, ಇನ್ನೇನು ಸಾಕ್ಷಿ ಬೇಕು ಎಂದರು. ತಮ್ಮ ಅಸೂಯೆಯನ್ನು ಜೋಪಾನವಾಗಿ ಮುಚ್ಚಿಟ್ಟುಕೊಂಡ ಎಲ್ಲರೂ, ಬಚ್ಚಿಡಲು ಬಾರದ ಒಬ್ಬಳನ್ನು ಅಸೂಯೆಯವಳೆಂದು ದೂರವಿಟ್ಟರು. ದಾವಣಗೆರೆಯ ವೈದ್ಯರು, ಮೊಣಕಾಲಿನ ನಾರು ಅರ್ಧ ಹರಿದಿದೆ, ಇನ್ನೊಂದು ಆಟ ಆಡಿದ್ದರೆ ಪೂರ್ತಿ ಹೋಗುತ್ತಿತ್ತು ಎಂದರಂತೆ. ಆ ಸುದ್ದಿ ಬಂದಾಗಲೂ ರುಹೀನಾ ಅದನ್ನು ಯಾರ ಮುಖಕ್ಕೂ ಹಿಡಿಯಲಿಲ್ಲ. ಆ ದಿನಗಳಲ್ಲಿ ಅವಳು ಸೊರಗಿದಳು. ಪ್ರಮೀಳಾಳ ಮನೆಯ ಹಿತ್ತಿಲ ಕಟ್ಟೆಯ ಮೇಲೆ ಸಿದ್ದಲಿಂಗಮ್ಮನ ಪಕ್ಕ ಸುಮ್ಮನೆ ಕೂತು ಅವರೆಕಾಯಿ ಸುಲಿದುಕೊಟ್ಟು ಎದ್ದು ಹೋಗುತ್ತಿದ್ದಳು.

ಹೇಮಾವತಿ ವಿಶ್ರಾಂತಿಗೆಂದು ಊರಿಗೆ ಹೋದ ಮೇಲೆ, ಒಂದು ಭಾನುವಾರ ರುಹೀನಾ ತಾನು ಬಿಳಿಚೋಡಿಗೆ ಹೋಗುವುದಾಗಿ ತಿಳಿಸಿದಳು. ಪ್ರಮೀಳಾ ತಾನೂ ಬರುತ್ತೇನೆಂದಳು. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಹೋದರು. ಹೇಮಾವತಿಯ ಅಜ್ಜಿ, ಹೆಸರೂ ಅಜ್ಜಮ್ಮನೇ, ಅವರಿಬ್ಬರನ್ನೂ ಕಂಬಳಿ ಹಾಸಿ ಕೂರಿಸಿ, ಮಜ್ಜಿಗೆ ಕೊಟ್ಟು, ಮೊಮ್ಮಗಳನ್ನು ಕರೆದರು. ಕೋಲೂರಿಕೊಂಡು ಬಂದ ಹೇಮಾವತಿ ಬಾಗಿಲಲ್ಲೇ ನಿಂತಳು.

"ನನ್ನ ಕಂಡ್ರೆ ಹೊಟ್ಟೆ ಉರೀತಿತ್ತಲ್ಲ ನಿನಗೆ, ಈಗ ತಣ್ಣಗಾಯ್ತಾ?"

"ಇಲ್ಲ," ಎಂದಳು ರುಹೀನಾ. "ಈಗ್ಲೂ ಉರೀತೈತೆ. ನಿನ್ನಂಗೆ ಓಡಾಕೆ ನನಗೆ ಯಾವತ್ತೂ ಬರಲ್ಲ. ನಿನ್ನ ಕಾಲು ಹೋಗಿಬಿಟ್ಟಿದ್ರೆ ಯಾರನ್ನ ನೋಡಿ ಉರ್ಕೊಳ್ಳಿ ನಾನು?"

ಹೇಮಾವತಿ ನಗಲಿಲ್ಲ. ಅಪ್ಪಿಕೊಳ್ಳಲೂ ಇಲ್ಲ. ಕಂಬಳಿಯ ಇನ್ನೊಂದು ಅಂಚಿಗೆ ಬಂದು, ನೋಯುವ ಕಾಲನ್ನು ಚಾಚಿ ಕೂತಳು. ಕ್ಷಮೆ ಎಂಬ ಪದ ಆ ಮಧ್ಯಾಹ್ನ ಯಾರ ಬಾಯಿಂದಲೂ ಬರಲಿಲ್ಲ. ಅಜ್ಜಮ್ಮ ಮೊಮ್ಮಗಳ ಕಾಲಿಗೆ ಎಣ್ಣೆ ಹಚ್ಚುತ್ತ ಕುರಿಗಳ ಕಥೆ ಹೇಳಿದರು, ಮೂವರು ಹುಡುಗಿಯರೂ ಕೇಳಿದರು. ಹೊರಡುವಾಗ ಹೇಮಾವತಿ ಬಸ್ಸಿನ ಹೊತ್ತನ್ನು ಹೇಳಿದಳು, ಅಷ್ಟೇ.

ಹಿಂತಿರುಗುವ ಬಸ್ಸಿನಲ್ಲಿ ಸೀಟು ಸಿಕ್ಕಿತು. ಬಯಲಿನ ಬಿಸಿಲು ಇಳಿಯುತ್ತಿತ್ತು. ಆ ಮಧ್ಯಾಹ್ನದ ನೇರ ಮಾತುಗಳು ಪ್ರಮೀಳಾಗೆ ದಾರಿ ತೋರಿದವೋ ಏನೋ, ಜೀವನದಲ್ಲಿ ಮೊದಲ ಬಾರಿ ಅವಳ ಬಾಯಿಂದ ಹೊಟ್ಟೆಕಿಚ್ಚು ಎಂಬ ಪದ ಹೊರಬಂತು. ನೀನೂ ಹೇಮಾವತಿಯೂ ಜೊತೆಯಾಗಿ ಇರುವುದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಹೊನ್ನಾಳಿಯಲ್ಲಿ ನೀವಿಬ್ಬರೂ ಮುರಿದುಕೊಳ್ಳುತ್ತೀರೆಂದು ಒಳಗೊಳಗೆ ಖುಷಿಯಾಗಿತ್ತು ಎಂದು ಎದುರಿನ ಸೀಟಿನ ಕಂಬಿಯನ್ನು ಹಿಡಿದುಕೊಂಡು ಹೇಳಿದಳು. ಹೇಳಿ, ಗೆಳತಿಯ ಮುಖ ನೋಡಲು ಧೈರ್ಯ ಸಾಲದೆ ಕಿಟಕಿಯತ್ತ ತಿರುಗಿದಳು.

"ಅಷ್ಟು ಹೋಳಿಗೆ ಬಡಿಸ್ದಾಗ್ಲೇ ಗೊತ್ತಾಯ್ತು ನನಗೆ," ಎಂದಳು ರುಹೀನಾ. ಆಮೇಲೆ ಪ್ರಮೀಳಾಳ ಹೆಗಲಿಗೆ ತಲೆಯಾನಿಸಿ, ಚನ್ನಗಿರಿ ಬರುವವರೆಗೂ ಗಾಢವಾಗಿ ನಿದ್ದೆ ಮಾಡಿದಳು.

ಈಗ ರುಹೀನಾ ನ್ಯಾಮತಿಯ ಒಂದು ಶಾಲೆಯಲ್ಲಿ ದೈಹಿಕ ಶಿಕ್ಷಕಿ. ಮಕ್ಕಳಿಗೆ ಖೋಖೋ ಕಲಿಸುತ್ತಾಳೆ, ಸಹೋದ್ಯೋಗಿಗಳಿಗೆ ಇರಿಸುಮುರಿಸು ಉಂಟುಮಾಡುತ್ತಾಳೆ. ಅವಳ ನೇರ ಮಾತಿನಿಂದ ನೊಂದವರೂ ಇದ್ದಾರೆ, ಅವರ ನೋವು ಸುಳ್ಳೇನಲ್ಲ. ಪ್ರಮೀಳಾ ದಾವಣಗೆರೆಯಲ್ಲಿ ಎಂ.ಎ. ಮುಗಿಸಿ ಚನ್ನಗಿರಿಯಲ್ಲೇ ಉಪನ್ಯಾಸಕಿಯಾಗಿದ್ದಾಳೆ. ಹೇಮಾವತಿ ಮತ್ತು ರುಹೀನಾ ಮೊದಲಿನಷ್ಟು ಹತ್ತಿರವಾಗಲಿಲ್ಲ. ಒಡೆದದ್ದು ಕೂಡಿತು, ಆದರೆ ಕೂಡಿದ ಗೆರೆ ಉಳಿಯಿತು. ವರ್ಷದ ನಂತರ ಆಟಕ್ಕೆ ಮರಳಿದ ಹೇಮಾವತಿ ಮೆಲ್ಲಮೆಲ್ಲನೆ ಮೇಲೇರಿ, ಕಳೆದ ವರ್ಷ ರಾಜ್ಯ ತಂಡಕ್ಕೆ ಆಯ್ಕೆಯಾದಳು. ಸುದ್ದಿ ತಿಳಿದ ಕೂಡಲೇ ಅವಳು ಫೋನು ಮಾಡಿದ್ದು ಮನೆಗಲ್ಲ, ಮೇಷ್ಟರಿಗಲ್ಲ, ನ್ಯಾಮತಿಗೆ. ಅಂದು ರಜೆಯೆಂದು ಪ್ರಮೀಳಾ ಅಲ್ಲೇ ಇದ್ದಳು. ರುಹೀನಾ ಈರುಳ್ಳಿ ಹೆಚ್ಚುತ್ತಿದ್ದರಿಂದ ಫೋನಿನ ಸ್ಪೀಕರು ಹಾಕಿದ್ದಳು. ಹೇಮಾವತಿ ಸುದ್ದಿ ಹೇಳಿದಳು.

"ಉರೀತೈತೇನೇ?" ಎಂದು ಕೇಳಿದಳು.

"ಧಗಧಗ ಅಂತೈತೆ," ಎಂದಳು ರುಹೀನಾ, ಕಣ್ಣು ಒರೆಸಿಕೊಳ್ಳುತ್ತ.

"ಹಂಗಾದ್ರೆ ನಾನು ಗೆದ್ದಿರೋದು ನಿಜ," ಎಂದಿತು ಆ ಕಡೆಯ ದನಿ, ಬಹಳ ಮೆತ್ತಗೆ.

ಅಸೂಯೆಯೇ ಇಲ್ಲದ ಸ್ನೇಹವನ್ನು ನಾವು ಆದರ್ಶವೆಂದು ಕೊಂಡಾಡುತ್ತೇವೆ. ಅಂಥ ಸ್ನೇಹವನ್ನು ಪ್ರಮೀಳಾ ಈವರೆಗೆ ಕಂಡಿಲ್ಲ, ಬಹುಶಃ ಯಾರೂ ಕಂಡಿರಲಾರರು. ಜೊತೆಯಲ್ಲಿ ಬೆಳೆಯುವವರು ಒಬ್ಬರನ್ನೊಬ್ಬರು ಅಳೆದುಕೊಳ್ಳದೆ ಬೆಳೆಯುವುದು ಹೇಗೆ? ಅಳತೆಯಲ್ಲಿ ಕಡಿಮೆ ಬಿದ್ದಾಗ ನೋಯದಿರುವುದು ಹೇಗೆ? ಅದನ್ನು ಬಚ್ಚಿಡಲು ಕಲಿತವರಿಗೆ ಸಭ್ಯರೆಂಬ ಹೆಸರು ಸಿಗುತ್ತದೆ, ಹಿಂದಿನಿಂದ ಇರಿಯುವ ಅನುಕೂಲವೂ ಸಿಗುತ್ತದೆ. ಬಚ್ಚಿಡಲಾರದ ರುಹೀನಾಳಂಥವರಿಗೆ ಸಿಗುವುದು ಬರೀ ಅಪವಾದ. ಆದರೆ ನಮ್ಮ ಕಾಲು ಊದಿದ ದಿನ ನಮಗಾಗಿ ಸಾಲಿನಿಂದ ಹೊರಗೆ ಬಂದು ನಿಲ್ಲುವವರು ಅವರೇ. ಮತ್ತು ನಾವು ಗೆದ್ದ ದಿನ, ನೂರು ಅಭಿನಂದನೆಗಳ ನಡುವೆ ಯಾವುದನ್ನು ನಂಬಬೇಕೆಂದು ತಿಳಿಯದೆ ನಿಂತಾಗ, ನಾವು ಹುಡುಕುವುದೂ ಅವರ ದನಿಯನ್ನೇ.